ಎಲೆ ಓದಿದವಳೂ ಬೇರು ಓದಿದವರೂ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯ ನನಗೆ ಚಿನ್ನದ ಪದಕದ ಜೊತೆ ಒಂದು ಎಲೆ ಕೊಟ್ಟು ಕಳಿಸಿದೆ. ಉಳಿದ ಗಿಡ ಎಲ್ಲಿ ಸ್ವಾಮಿ?

ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡದ ಎಲೆ ಉಪ್ಪನ್ನು ಹೇಗೆ ಹೊರಹಾಕುತ್ತದೆ ಎಂಬುದು ನನ್ನ ಎಂ.ಎಸ್ಸಿ. ವಿಷಯ. ಎಷ್ಟು ಚಂದದ ವಿಷಯ ಗೊತ್ತೇ! ಲ್ಯಾಬಿನಲ್ಲಿ ಆ ಉಪ್ಪಿನ ಹರಳು ಹೊಳೆಯುವುದನ್ನು ಕಂಡು ಕುಣಿದಿದ್ದೇನೆ. ಒಮ್ಮೆ ಅದೇ ಗಿಡದ ಬೇರಿನ ಬಗ್ಗೆ ಕೇಳಿದ್ದಕ್ಕೆ ಮಾರ್ಗದರ್ಶಕರು, "ಬೇರು ಮೇಲಿನ ಮಹಡಿ" ಎಂದರು. ಹತ್ತಿ ಹೋದೆ. ಅಲ್ಲಿ ಬೇರು ಓದುತ್ತಿದ್ದ ಸುಜಯ ಸಿಕ್ಕರು. ನಿಮ್ಮಲ್ಲಿ ಎಲೆಗೂ ಬೇರಿಗೂ ಮದುವೆಯ ಹೊರತು ಬೇರೆ ಸಂಪರ್ಕವೇ ಇಲ್ಲವಾದ್ದರಿಂದ ಮೊನ್ನೆ ಮೊನ್ನೆ ಮದುವೆಯಾದೆವು. ಇದಕ್ಕೆ ಮಾತ್ರ ಹೃತ್ಪೂರ್ವಕ ಕೃತಜ್ಞತೆಗಳು.

ಕಳೆದ ವಾರ ಅಘನಾಶಿನಿಯಲ್ಲಿ ಕಾಂಡ್ಲ ನೆಡುವ ಯೋಜನೆಯ ಹುದ್ದೆಗೆ ಸಂದರ್ಶನವಿತ್ತು. ನಮ್ಮಲ್ಲೊಬ್ಬರಿಗೆ ಸಿಕ್ಕರೂ ಸಾಕು, ಇನ್ನೊಬ್ಬರು ಟ್ಯೂಷನ್ ಹೇಳಿಕೊಂಡು ಕುಮಟೆಯಲ್ಲೇ ಒಟ್ಟಿಗಿರಬಹುದು. ಇಲ್ಲದಿದ್ದರೆ ಕೆಲಸ ಹುಡುಕಿಕೊಂಡು ಅವರು ಗೋವೆಗೆ, ನಾನು ಧಾರವಾಡಕ್ಕೆ. ಗ್ರಾಮ ಸಮಿತಿಯ ಅಧ್ಯಕ್ಷೆ ಗಂಗಕ್ಕ ನಮ್ಮನ್ನು ದಂಡೆಗೆ ಕರೆದೊಯ್ದು, "ಇದು ಯಾವ ಜಾತಿ ಕಾಂಡ್ಲ ತಂಗಿ?" ಎಂದು ಕೇಳಿದರು.

ಎಲೆಗಳನ್ನೆಲ್ಲ ಎಮ್ಮೆ ತಿಂದು ಹೋಗಿತ್ತು. ನಾನು ಧೈರ್ಯಗೆಡದೆ ಗಂಡನನ್ನು ಮುಂದೆ ಬಿಟ್ಟೆ. ಅವರು ಬಗ್ಗಿ ನೋಡಿ ಗಂಭೀರವಾಗಿ, "ಈಗ ಭರ್ತಿ ನೀರು. ಇಳಿದ ಮೇಲೆ ಬೇರು ನೋಡಿ ಹೇಳ್ತೆ" ಎಂದರು.

"ಅಂದ್ರೆ ಒಂದು ಗಿಡದ ಗುರ್ತು ಹಿಡೀಲಿಕ್ಕೆ ನೀವಿಬ್ರೂ ಬೇಕು, ಎಮ್ಮೆ ಬರ್ಬಾರ್ದು, ಸಮುದ್ರನೂ ಹಿಂದೆ ಸರೀಬೇಕು!" ಗಂಗಕ್ಕ ಸೆರಗು ಬಾಯಿಗಿಟ್ಟು ನಕ್ಕರು. "ಹುದ್ದೆ ಒಂದೇ ಅದೆ ಮಾರಾಯ್ತಿ. ಅಮಾಸೆ ಕಳ್ದ್ಮೇಲೆ ಬನ್ನಿ. ಇಬ್ರಲ್ಲಿ ಯಾರಾದ್ರೊಬ್ರು ಇಡೀ ಗಿಡ ಕಲ್ತುಕೊಂಡು ಬನ್ನಿ. ಆತಾ?"

ಮಾನ್ಯರೇ, ಬರಿಯ ಎಲೆಯನ್ನು ನೆಡಲು ಬರುತ್ತದೆಯೇ? ಆಳವಾಗಿ ಓದುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಉಪ್ಪಿನ ಹರಳಿನ ಮೇಲೆ ನನಗೆ ಇಂದಿಗೂ ಪ್ರಾಣ. ಆದರೆ ಬಾವಿ ತೋಡಲು ಇಳಿದವನಿಗೂ ಮೇಲೆ ಬರಲು ಒಂದು ಏಣಿ ಕೊಡುತ್ತಾರಲ್ಲವೇ?

ಈಗ ದಿನಾ ಸಂಜೆ ಅವರು ನನಗೆ ಬೇರು ಹೇಳಿಕೊಡುತ್ತಾರೆ, ನಾನು ಅವರಿಗೆ ಎಲೆ. (ನಡುನಡುವೆ ಪಾಠ ಹಾದಿ ತಪ್ಪಿದರೆ ಅದಕ್ಕೆ ವಿಶ್ವವಿದ್ಯಾಲಯ ಹೊಣೆಯಲ್ಲ.) ಬಾಕಿ ಉಳಿದದ್ದು ಬೊಡ್ಡೆ.

ಆದ್ದರಿಂದ ನನ್ನ ಆಗ್ರಹ: ಮುಂದಿನ ವರ್ಷದಿಂದ ವಿದ್ಯಾರ್ಥಿಗಳನ್ನು ಮೊದಲು ಕೆಸರಿಗಿಳಿಸಿ, ಇಡೀ ಗಿಡ ತೋರಿಸಿ, ಆಮೇಲೆ ಬೇಕಾದ ಮಹಡಿಗೆ ಹತ್ತಿಸಿ. ನಮಗೆ ಅಮಾವಾಸ್ಯೆಯೊಳಗೆ ಬೊಡ್ಡೆಯ ಪಾಠಪುಸ್ತಕ ಕಳಿಸಿಕೊಡಿ. ಬೊಡ್ಡೆ ಓದಿದವರೊಬ್ಬರು ನಿಮ್ಮ ಯಾವುದೋ ಮಹಡಿಯಲ್ಲಿ ಇದ್ದೇ ಇರುತ್ತಾರೆ. ದಯವಿಟ್ಟು ಅವರನ್ನು ಕಳಿಸಬೇಡಿ, ಪುಸ್ತಕ ಸಾಕು. ನಮ್ಮ ಮನೆಯಲ್ಲಿ ಇಬ್ಬರಿಗಷ್ಟೇ ಜಾಗ.

ಇಂತಿ,
ಎಲೆಯಲ್ಲಿ ಪ್ರಥಮ, ಗಿಡದಲ್ಲಿ ನಪಾಸು,
ಅರ್ಚಿತಾ ಸುಜಯ
ಕುಮಟಾ