ಎರಡನೇ ಭಾಗ ಒಯ್ಯಬೇಡಿ

ರತ್ನಕ್ಕಾ,

ನಿಮ್ಮ ಓಂಕಾರಪ್ಪ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೇ ಓದು ಬಿಟ್ಟವನ ಕಾಗದದಲ್ಲಿ ತಪ್ಪು ಹುಡುಕಬೇಡಿ. ನೀವು ಕೆಂಪು ಪೆನ್ನಿಗಾಗಿ ಬ್ಯಾಗಿಗೆ ಕೈ ಹಾಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನಮ್ಮ ಹೊಳಲ್ಕೆರೆ ಲೈಬ್ರರಿಯ ಜಗಲಿಯ ಮೇಲೆ ಕುಳಿತಿದ್ದೇನೆ. ಬೆನ್ನ ಹಿಂದಿನ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದೇನೆ. ಒಳಗಿನಿಂದ ಆಗಾಗ ಸರ್ರನೆ ಮಣ್ಣು ಜಾರುವ ಸದ್ದು, ಯಾರೋ ಮೊರದಲ್ಲಿ ರಾಗಿ ಕೇರುತ್ತಿರುವ ಹಾಗೆ. ನಿಮಗೆ ಆ ಸದ್ದು ಮೊದಲೇ ಗೊತ್ತಿತ್ತು, ಅಲ್ಲವೇ?

ನೀವು ಬಾಗಿಲ ಪಕ್ಕ ಕರಿ ಹಲಗೆ ತೂಗುಹಾಕಿಸಿದ ದಿನ ನೆನಪಾಗುತ್ತಿದೆ. "ಏನು ಒಯ್ಯಾಣ ಅಂತ ಜನ ನಮ್ಮನ್ನೇ ಕೇಳ್ತಾರೆ ಓಂಕಾರಪ್ಪ. ಓದಿ ಅನ್ನಿಸಿದ್ದನ್ನ ಬರಿ, ಕೆಳಗೆ ಹೆಸರು ಹಾಕು" ಎಂದು ಸೀಮೆಸುಣ್ಣ ಕೊಟ್ಟಿರಿ. ನೀವು ಲೈಬ್ರೇರಿಯನ್, ನಾನು ಕಸ ಹೊಡೆದು ಪುಸ್ತಕ ಜೋಡಿಸುವವನು. ಹಲಗೆಯ ಮೇಲೆ ಮಾತ್ರ ಇಬ್ಬರೂ ಸರಿಸಮ. 'ಕಥೆ ನಿಧಾನ, ಮನಸ್ಸು ದೊಡ್ಡದು. ಒಯ್ಯಬಹುದು — ರತ್ನ' ಎಂದು ನೀವು ಬರೆದರೆ, ಪಕ್ಕದಲ್ಲೇ ನಾನು: 'ಇಂಥ ಕಾಮಿಕ್ಸ್ ಹೊಸದುರ್ಗದಲ್ಲೂ ಇಲ್ಲ, ಹಿರಿಯೂರಲ್ಲೂ ಇಲ್ಲ. ಓದದವನು ಹುಟ್ಟಿದ್ದೇ ದಂಡ — ಓಂಕಾರಪ್ಪ.' ದೆವ್ವದ ಸಿನಿಮಾದ ಸಿ.ಡಿ. ಬಗ್ಗೆ ಏನು ಬರೆದಿದ್ದೆ? 'ಒಬ್ಬರೇ ನೋಡಬೇಡಿ. ನಾನು ಒಬ್ಬನೇ ನೋಡಿದೆ, ನನ್ನ ಮಾತು ಬೇರೆ.' ನಿಜ ಹೇಳಿ ಅಕ್ಕಾ, ಜನ ಯಾರ ಹೆಸರು ನೋಡಿ ಪುಸ್ತಕ ಒಯ್ಯುತ್ತಿದ್ದರು?

ನಮ್ಮ ಜಗಳವೆಲ್ಲ ಒಳಕೋಣೆಯದು. ಬಾಡಿಗೆ ಮನೆ, ಮುಂದಿನ ಹಾಲ್‌ಗೆ ತಾರಸಿ, ಒಳಕೋಣೆಗೆ ಮರದ ತೊಲೆಗಳ ಮೇಲೆ ಮಣ್ಣು ಹರವಿದ ಹಳೇ ಮಾಳಿಗೆ. ಕಾಮಿಕ್ಸು, ದೆವ್ವದ ಕಾದಂಬರಿ, ಮುಚ್ಚಿಹೋದ ವಿಡಿಯೋ ಅಂಗಡಿಯವರು ಕೊಟ್ಟ ಸಿನಿಮಾ ಸಿ.ಡಿ.ಗಳು, ಹೀಗೆ ನನ್ನ ಪ್ರೀತಿಯ ಸರಕೆಲ್ಲ ಅಲ್ಲೇ. ಅಲ್ಲಿದ್ದ ಪ್ರತಿಯೊಂದರ ಮುಂದೆಯೂ ನೀವು 'ಚಪ್ಪೆ, ಒಯ್ಯಬೇಡಿ' ಎಂದು ಬರೆಯುತ್ತಿದ್ದಿರಿ. ಯಾರಾದರೂ ಹಟ ಹಿಡಿದರೆ "ನೀವು ಕುಂತ್ಕಳ್ರಿ, ನಾನೇ ತಂದುಕೊಡ್ತೀನಿ" ಎಂದು ಎದ್ದು, ಗೋಡೆಗೆ ಅಂಗೈ ಆನಿಸಿಕೊಂಡು ಅಂಚಿನಲ್ಲೇ ನಡೆಯುತ್ತಿದ್ದಿರಿ. "ಏನಕ್ಕಾ, ನಡುವೆ ಹಾವು ಮಲಗೈತಾ?" ಎಂದು ಒಮ್ಮೆ ಗೇಲಿ ಮಾಡಿದ್ದೆ. "ಮಲಗೈತೆ ಕಣಪ್ಪ. ಎಬ್ಬಿಸಬ್ಯಾಡ" ಅಂದಿರಿ. ನಗಲಿಲ್ಲ. ನಾನೊಬ್ಬನೇ ನಕ್ಕೆ.

ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ನೀರು ಇಳಿಯದ ಕರಲು ಮಣ್ಣು ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಹಾಕದಿದ್ದರೆ ಸೋರುತ್ತದೆ, ಇದು ನಮ್ಮೂರ ಎಮ್ಮೆಗೂ ಗೊತ್ತು. ನಾನು ಮಣ್ಣು ತುಂಬಿದ ಪುಟ್ಟಿ ಹೊತ್ತು ಏಣಿ ಹತ್ತಿದಾಗ ಕೆಳಗಿನಿಂದ "ಇಳಿಯೋ! ಒಂದು ಹಿಡಿ ಮಣ್ಣೂ ಬ್ಯಾಡ!" ಎಂದು ಕೂಗಿದಿರಿ. ನೀವು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಚಿತ್ರದುರ್ಗದ ಪೇಟೆಯವರಿಗೆ ಧೂಳೆಂದರೆ ಆಗುವುದಿಲ್ಲ ಎಂದುಕೊಂಡು ಇಳಿದೆ.

ದುರ್ಗದ ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಲು ಬಂದಾಗ ನಿಮ್ಮ ಕೈ ಹಗ್ಗದಂತೆ ಸಣ್ಣಗಾಗಿತ್ತು. "ಓಂಕಾರಪ್ಪ, ಆ ಬಾವಿ ಕಾದಂಬರಿ ಐತಲ್ಲ, ಎರಡನೇ ಭಾಗ ಯಾರಿಗೂ ಕೊಡಬ್ಯಾಡ. ಒಳಕೋಣೆ..." ಅಷ್ಟರಲ್ಲಿ ನರ್ಸಮ್ಮ ಬಂದು ನನ್ನನ್ನು ಹೊರಗೆ ಕಳಿಸಿದಳು. ಬಸ್ಸಿನಲ್ಲಿ ಊರಿಗೆ ಬರುತ್ತಾ ನಗು ಬಂತು. ಹಾಸಿಗೆ ಹಿಡಿದರೂ ಅಕ್ಕ ವಿಮರ್ಶೆ ಬಿಡಲಿಲ್ಲವಲ್ಲ! ಆ ಮಾತಿನ ಉಳಿದ ಅರ್ಧ ಏನಿತ್ತು, ವಾಪಸ್ಸು ಹೋಗಿ ಕೇಳಬೇಕು ಅಂತ ನನಗೆ ಯಾಕೆ...

ನೀವು ತೀರಿಹೋದ ಮೇಲೆ ಇಲ್ಲಿಗೆ ನಾನೇ ದೊರೆ. ನಿಮ್ಮ ಜಾಗಕ್ಕೆ ಬಂದ ಪವಿತ್ರ ಮೇಡಂ ಹೊಸದುರ್ಗದ ಲೈಬ್ರರಿಯನ್ನೂ ನೋಡಿಕೊಳ್ಳುತ್ತಾರೆ, ಇಲ್ಲಿಗೆ ಅಪರೂಪ. ಈ ಸಲದ ಮಳೆಗೆ ಒಳಕೋಣೆ ಸೋರಿತು. ಕೂಲಿಯವರು ಯಾಕೆ, ಈ ತೋಳು ಇಲ್ಲವೇ ಎಂದು ನಾನೇ ಪುಟ್ಟಿ ಪುಟ್ಟಿ ಕರಲು ಮಣ್ಣು ಹೊತ್ತು ಮಾಳಿಗೆಯ ತುಂಬ ಹರವಿದೆ. ಆಮೇಲೆ ಹಲಗೆಯ ತುಂಬ ಒಳಕೋಣೆಯ ಪುಸ್ತಕಗಳನ್ನು ಹೊಗಳಿದೆ. ಶಾಲೆಯ ರಜೆ ಬೇರೆ. ಮಕ್ಕಳು ಹಿಂಡು ಹಿಂಡಾಗಿ ಬಂದು ಅಲ್ಲೇ ನೆಲದ ಮೇಲೆ ಕುಳಿತು ಕಾಮಿಕ್ಸ್ ಓದತೊಡಗಿದವು. ನೋಡಿ ಎದೆ ಉಬ್ಬಿತು. ಅಕ್ಕನ ಕಾಲದಲ್ಲಿ ಹೀಗೆ ತುಂಬಿತ್ತಾ ಎಂದುಕೊಂಡೆ.

ಬಾವಿ ಕಾದಂಬರಿಯ ಮೊದಲ ಭಾಗ ಮುಂದಿನ ಹಾಲ್‌ನಲ್ಲಿತ್ತು. ಅದನ್ನೂ ಹೊಗಳಿ ಬರೆದಿದ್ದೆ. ರಿಟೈರಾದ ಕಂಡಕ್ಟರ್ ಬಸಣ್ಣ ಒಯ್ದಿದ್ದ. ಅಣ್ಣ ಬಾವಿಯ ತಳದಲ್ಲಿ ಅಗೆಯುತ್ತಿದ್ದಾನೆ, ತಮ್ಮ ಮೇಲೆ ಹಗ್ಗ ಹಿಡಿದು ನಿಂತಿದ್ದಾನೆ, ಹಗ್ಗ ಇದ್ದಕ್ಕಿದ್ದಂತೆ ಸಡಿಲವಾಗುತ್ತದೆ. ಮೊದಲ ಭಾಗ ಮುಗಿಯುವುದು ಅಲ್ಲಿ. ಇವತ್ತು ಬೆಳಿಗ್ಗೆ ಬಾಗಿಲು ತೆಗೆದು ಮಕ್ಕಳನ್ನು ಒಳಗೆ ಬಿಟ್ಟು ಕುಳಿತಿದ್ದೆ, ಅಷ್ಟರಲ್ಲಿ ಬಸಣ್ಣ ಬಂದ.

"ಲೇ ಓಂಕಾರಿ, ಆ ಹಗ್ಗ ಏನಾತೋ? ನಂಗೆ ಊಟ ಸೇರ್ತಿಲ್ಲ."

"ಎಲ್ಲಾ ಎರಡನೇ ಭಾಗದಾಗ ಐತೆ."

"ರತ್ನಮ್ಮೋರು ಅದು ಚಪ್ಪೆ ಅಂತಿದ್ರು. ನೀನು ಓದೀಯಾ?"

"ನಾನು ಓದದೇ ಇರೋ ಪುಸ್ತಕ ಈ ಲೈಬ್ರರಿಯಾಗ ಐತಾ ಬಸಣ್ಣ?"

"ಹಂಗಾದ್ರೆ ತಗಂಬಾರೋ."

ನಾನು ಅದನ್ನು ಮುಟ್ಟಿರಲೂ ಇಲ್ಲ ಅಕ್ಕಾ, ನಿಮಗೆ ಗೊತ್ತು. ಒಳಕೋಣೆಯ ಗೋಡೆಯ ಹತ್ತಿರದ ಕಬ್ಬಿಣದ ಬೀರು; ಅದರ ಮೇಲೆ ತೊಲೆಗೆ ತಾಗುವವರೆಗೆ ನೀವು ಒತ್ತೊತ್ತಾಗಿ ಪೇರಿಸಿದ ದಪ್ಪ ಕಾದಂಬರಿಗಳು; ಅವುಗಳ ನಡುವೆ ಎರಡನೇ ಭಾಗ. ಸ್ಟೂಲು ಹತ್ತಿ ಎಳೆದೆ. ಬರಲಿಲ್ಲ. ಬಾಗಿಲಲ್ಲಿ ನಿಂತ ಬಸಣ್ಣ "ಊರಿನ ಗುಂಡುಕಲ್ಲು ಎತ್ತಿದೋನಿಗೆ ಒಂದು ಪುಸ್ತಕ ಎಳೆಯಾಕೆ ಆಗವಲ್ದು ನೋಡ್ರಿ" ಎಂದ. ರೋಷ ಬಂತು. ಬೀರುವಿಗೆ ಮೊಣಕಾಲು ಕೊಟ್ಟು ಜಗ್ಗಿದೆ. ಪುಸ್ತಕ ಅರ್ಧ ಹೊರಬಂತು.

ತೊಲೆ ನರಳಿತು.

ಕತ್ತಿನ ಮೇಲೆ ತಣ್ಣಗೆ ಏನೋ ಸುರಿಯಿತು. ಮಣ್ಣು. ನಾನೇ ಹೊತ್ತು ಹಾಕಿದ ಕರಲು ಮಣ್ಣು. ತಲೆ ಎತ್ತಿದರೆ, ತೊಲೆಯ ತುದಿ ಗೋಡೆಯೊಳಗೆ ಇರಲೇ ಇಲ್ಲ. ಗೆದ್ದಲು ತಿಂದು ಉಳಿದದ್ದು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉದುರುತ್ತಿತ್ತು. ಇಡೀ ಮಾಳಿಗೆ ಗೋಡೆಯ ಮೇಲೆ ನಿಂತಿರಲಿಲ್ಲ ಅಕ್ಕಾ. ನಿಮ್ಮ ಚಪ್ಪೆ ಕಾದಂಬರಿಗಳ ಮೇಲೆ ನಿಂತಿತ್ತು.

ಕೆಳಗೆ ನೋಡಿದೆ. ಕೋಣೆಯ ನಡುವೆ ಮಕ್ಕಳು ಕಾಮಿಕ್ಸಿನಲ್ಲಿ ಮುಖ ಹುದುಗಿಸಿದ್ದವು. ಕೂಗಿದರೆ ಓಡುತ್ತವೆ, ಓಡಿದರೆ ಬೀರುವಿಗೆ ಢಿಕ್ಕಿ ಹೊಡೆಯುತ್ತವೆ. ಆಗ ನಿಮ್ಮ ಅಂಗೈ ನೆನಪಾಯಿತು, ಗೋಡೆಯ ಮೇಲಿನ ಅಂಗೈ. "ಲೇ ಮಕ್ಳಾ, ಆ ಕಡೆ ಗ್ವಾಡೆ ಹಿಡ್ಕಂಡು, ಬೆಕ್ಕಿನಂಗೆ ಸದ್ದಿಲ್ದೆ ಹೊರಗೆ ಹೋದೋರಿಗೆ ಮಾಮ ದೆವ್ವದ ಸಿನಿಮಾ ಕತೆ ಹೇಳ್ತಾನೆ. ಓಡಿದೋರಿಗೆ ಇಲ್ಲ" ಎಂದೆ. ಒಂದೊಂದಾಗಿ ಎದ್ದವು. ಒಂದು ಹುಡುಗಿ ಬಾಗಿಲಲ್ಲಿ ನಿಂತು "ಮಾಮಾ, ನೀ ಯಾಕೆ ಬೆವ್ತಿದ್ದೀಯ?" ಎಂದಳು.

"ದೆವ್ವ ಕಂಡೈತಮ್ಮ. ನೀ ನಡಿ."

ಪುಸ್ತಕವನ್ನು ಒಳಗೆ ತಳ್ಳಲೂ ಧೈರ್ಯವಿಲ್ಲ, ಎಳೆಯಲೂ ಇಲ್ಲ. ಅರ್ಧಕ್ಕೇ ಬಿಟ್ಟು ಸ್ಟೂಲಿನಿಂದ ಇಳಿದೆ. ನೀವು ನಡೆದಂತೆಯೇ ಅಂಚಿನಲ್ಲಿ ನಡೆದೆ. ಅಷ್ಟು ಚಿಕ್ಕ ಕೋಣೆ ಅಷ್ಟು ಉದ್ದವಿತ್ತೇ? "ಪುಸ್ತಕ ಎಲ್ಲೋ?" ಎಂದು ಬಾಯಿ ತೆರೆದ ಬಸಣ್ಣ ನನ್ನ ಮುಖ ನೋಡಿ ಹಿಂದೆ ಸರಿದ.

ಯಾಕೆ ಹೇಳಲಿಲ್ಲ ಅಕ್ಕಾ? ಉತ್ತರವೂ ನನಗೆ ಗೊತ್ತು. ನೀವು ಹಿಂದೆ ಇದ್ದ ಊರಿನಲ್ಲಿ ರಿಪೇರಿ ಎಂದು ಓದುವ ಕೋಣೆಗೆ ಬೀಗ ಹಾಕಿ, ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದರಂತೆ. ಬೀಗ ಮತ್ತೆ ತೆಗೆಯಲೇ ಇಲ್ಲವಂತೆ. ಇದನ್ನು ನೀವೇ ಒಮ್ಮೆ ಹೇಳಿದ್ದಿರಿ. ಇಲ್ಲಿ ಹಾಗಾಗಬಾರದೆಂದು ಒಳ್ಳೊಳ್ಳೆಯ ಪುಸ್ತಕಗಳಿಗೆ ಚಪ್ಪೆ ಎಂಬ ಹೆಸರು ಕೊಟ್ಟು ಜನರನ್ನು ಆ ಕೋಣೆಯಿಂದ ದೂರ ಇಟ್ಟಿರಿ. ನನಗೊಬ್ಬನಿಗಾದರೂ ಹೇಳಬಾರದಿತ್ತೇ? ಬಸ್ ಸ್ಟ್ಯಾಂಡಿನ ತುಂಬ ಕೊಚ್ಚಿಕೊಳ್ಳುತ್ತಾನೆ ಅಂದುಕೊಂಡಿರಾ? ಕೊಚ್ಚಿಕೊಳ್ಳುತ್ತಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಮಣ್ಣು ಹಾಕುತ್ತಿರಲಿಲ್ಲ. ಆ ಹುಡುಗಿ ಅಲ್ಲಿ, ತೊಲೆಯ ಕೆಳಗೆ, ಇನ್ನೊಂದು ಪುಟ ಓದುತ್ತಾ ಕುಳಿತಿದ್ದರೆ...

ಪವಿತ್ರ ಮೇಡಂಗೆ ಫೋನು ಮಾಡಿದೆ. ಎಲ್ಲ ಕೇಳಿ, "ಮೊದ್ಲೇ ಯಾರಿಗಾದ್ರೂ ಗೊತ್ತಿತ್ತೇನ್ರಿ?" ಎಂದರು.

"ಯಾರಿಗೂ ಇಲ್ಲ ಮೇಡಂ. ಇದನ್ನ ಕಂಡುಹಿಡಿದೋನು ನಾನೇ" ಎಂದೆ.

ನನ್ನ ಜಂಬ ನಿಮ್ಮ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಇನ್ನು ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ. ಮೇಡಂ ಇಂಜಿನಿಯರನ್ನು ಕರೆದುಕೊಂಡು ಹೊಸದುರ್ಗದಿಂದ ಹೊರಟಿದ್ದಾರೆ. ಇಡೀ ಮನೆಗೇ ಬೀಗ ಹಾಕಬೇಕಾಗಬಹುದಂತೆ. ನೀವು ಹೆದರಿದ್ದೇ ಬರುತ್ತಿದೆ. ದುರ್ಗದ ಕಡೆ ಮೋಡ ಕಪ್ಪಗಾಗಿದೆ. ಮಾಳಿಗೆಯ ಮಣ್ಣು ನೆನೆದರೆ ಇನ್ನೂ ತೂಕ. ಮಳೆ ಮೊದಲೋ, ಮೇಡಂ ಮೊದಲೋ ತಿಳಿಯದು. ಆದರೆ ಮುಂದಿನ ಹಾಲ್‌ನ ಪುಸ್ತಕಗಳು ಚೀಲ ಸೇರಲು ಬಿಡುವುದಿಲ್ಲ ಅಕ್ಕಾ. ಬಸಣ್ಣ ಆಗಲೇ ತನ್ನ ಮನೆಯ ಪಡಸಾಲೆ ಖಾಲಿ ಮಾಡಿಸುತ್ತಿದ್ದಾನೆ.

ಹಲಗೆಯ ಮೇಲಿದ್ದ ನನ್ನ ಹೊಗಳಿಕೆಯನ್ನೆಲ್ಲ ಒರೆಸಿದೆ. 'ಮಾಳಿಗೆ ಬೀಳುತ್ತದೆ, ಯಾರೂ ಬಾಗಿಲ ಹತ್ತಿರ ಬರಬೇಡಿ' ಎಂದು ದೊಡ್ಡದಾಗಿ ಬರೆದೆ. ಮೂಲೆಯಲ್ಲಿ ನಿಮ್ಮದೊಂದು ಹಳೆಯ ಸಾಲು ಉಳಿದಿದೆ. ನೀವು ಹೋದ ಮೇಲೆ ಅದನ್ನು ಒರೆಸಲು ಕೈ ಬಂದಿರಲಿಲ್ಲ. 'ಬಾವಿ ಕಾದಂಬರಿ: ಎರಡನೇ ಭಾಗ ಒಯ್ಯಬೇಡಿ — ರತ್ನ.'

ಅದರ ಕೆಳಗೆ ಈಗಷ್ಟೇ ಬರೆದು ಬಂದೆ: 'ಅಕ್ಕ ಹೇಳಿದ್ದೇ ಸರಿ — ಓಂಕಾರಪ್ಪ.'