ಉಸಿರಾಡುತ್ತಿರುವವಳಿಗೆ ಊದುಬತ್ತಿ

ವಸ್ತುಸಂಗ್ರಹಾಲಯದ ನಿರ್ದೇಶಕರೇ,

ನೀವು ನನ್ನ ಅಮ್ಮನನ್ನು ಸತ್ತವರ ಸಾಲಿನಲ್ಲಿ ಕೂರಿಸಿದ್ದೀರಿ. ಆಕೆ ಬದುಕಿದ್ದಾಳೆ. ದಯವಿಟ್ಟು ಇಳಿಸಿ.

ವಿಷಯ ಇಷ್ಟೇ. ಇಷ್ಟು ಸಣ್ಣ ವಿಷಯಕ್ಕೂ ಪತ್ರಿಕೆಯ ಮೊರೆ ಹೋಗುವಂತೆ ಮಾಡಿದ್ದು ನಿಮ್ಮ ಕಚೇರಿಯ ಹಿರಿಮೆ. ಕಾದಂಬರಿಕಾರ್ತಿ ಹಾ ವಿಯೆನ್ ನನ್ನ ದೊಡ್ಡಮ್ಮ. ಹ್ವೆ ನಗರದ ಆ ಹಳೆಯ ಮನೆಯಲ್ಲಿ ಕೊನೆಯವರೆಗೂ ಆಕೆಯ ಜೊತೆಗಿದ್ದವಳು ತಂಗಿ ನ್ಯಾನ್, ನನ್ನ ಅಮ್ಮ. ನಮ್ಮ ಹಿರಿಯರು ತಾವು ಸತ್ತಮೇಲೆ ಪೂಜಾಪೀಠದ ಮೇಲಿಡಬೇಕಾದ ಪಟವನ್ನು ಬದುಕಿದ್ದಾಗಲೇ ತೆಗೆಸಿ, ಕಟ್ಟು ಹಾಕಿಸಿ, ಬೀರುವಿನಲ್ಲಿ ಸುತ್ತಿಡುವುದು ನಿಮಗೆ ತಿಳಿಯದ್ದಲ್ಲ. ನಿಮ್ಮ ತಾಯಿಯೂ ಇಟ್ಟಿರಬಹುದು. ಅಮ್ಮನದೂ ಕೆಂಪು ಬಟ್ಟೆಯಲ್ಲಿ ಸುತ್ತಿ ಆ ಮನೆಯ ಬೀರುವಿನಲ್ಲಿತ್ತು. ದೊಡ್ಡಮ್ಮ ತೀರಿಕೊಂಡ ಮೇಲೆ ಮನೆಯನ್ನು ವಸ್ತುಸಂಗ್ರಹಾಲಯಕ್ಕೆಂದು ನಿಮಗೆ ಒಪ್ಪಿಸುವ ಗಡಿಬಿಡಿಯಲ್ಲಿ ಅಲ್ಲೇ ಉಳಿಯಿತು. ನಿಮ್ಮ ಸಂಶೋಧಕರು ಅದನ್ನು ಬಿಚ್ಚಿದರು, 'ಲೇಖಕಿಯ ತಾಯಿ' ಎಂದು ತೀರ್ಮಾನಿಸಿದರು, ಪೂಜಾಪೀಠದಲ್ಲಿ ದೊಡ್ಡಮ್ಮನ ಪಟದ ಪಕ್ಕಕ್ಕೆ ಏರಿಸಿಯೇ ಬಿಟ್ಟರು. ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ? ಬದುಕಿರುವವರ ಪಟ ಆ ಪೀಠ ಏರಿದರೆ ಅವರ ಸಾವನ್ನು ಕರೆದಂತೆ ಎಂದು ನಮ್ಮ ಊರಿನ ಮಕ್ಕಳಿಗೂ ಗೊತ್ತು.

ಕಳೆದ ಭಾನುವಾರ ಅಮ್ಮನನ್ನು ಅಲ್ಲಿಗೆ ಕರೆದೊಯ್ದೆ. ತಾನು ಬಾಳಿದ ಮನೆಯ ಹೊಸ್ತಿಲ ಹೊರಗೆ ಸಾಲಿನಲ್ಲಿ ನಿಂತು ಒಳಗೆ ಹೋದಳು. ಪ್ರವಾಸಿಗಳ ಗುಂಪೊಂದು ಅವಳ ಪಟಕ್ಕೆ ಬಾಗಿ ನಮಸ್ಕರಿಸುತ್ತಿತ್ತು.

"ಅಜ್ಜಿ, ನೀವೂ ಒಂದು ಊದುಬತ್ತಿ ಹಚ್ಚಿ," ಎಂದಳು ನಿಮ್ಮ ಮಾರ್ಗದರ್ಶಿ.

"ನನಗೆ ನಾನೇ ಹಚ್ಕೊಳ್ಲಾ? ಅದು ನಾನು ಕಣಮ್ಮ!"

"ಏನಜ್ಜಿ ನೀವು, ತಮಾಷೆ ಮಾಡ್ತೀರ. ಅವರು ತೀರ್ಕೊಂಡು ಎಷ್ಟೋ ವರ್ಷ ಆಯ್ತು."

"ಹೌದಾ? ನನಗ್ಯಾರೂ ಹೇಳ್ಲೇ ಇಲ್ವಲ್ಲ!"

ಗುಂಪು ನಕ್ಕಿತು. ಅಮ್ಮನೂ ನಕ್ಕಳು. ಮನೆಗೆ ಬಂದವಳು ಅನ್ನ ಮುಟ್ಟಲಿಲ್ಲ. ನನಗೆ ಹೇಳಿದಳು: "ಅಕ್ಕನ ಪಕ್ಕ ಜಾಗ ಮಾಡಿಟ್ಟು ದಿನಾ ಹೊಗೆ ಹಾಕಿ ಕರೀತಿದಾರೆ, ಖ್ವೆ. ಆ ಪಟ ಇಳಿಯೋ ತನಕ ನಾನು ಆಸ್ಪತ್ರೆಗೆ ಬರಲ್ಲ. ಮಲಗಿಸಿದ್ರೆ ಮತ್ತೆ ಏಳಲ್ಲ ನಾನು." ಈ ಶುಕ್ರವಾರ ಆಕೆಗೆ ಹೃದಯದ ಶಸ್ತ್ರಚಿಕಿತ್ಸೆ. ಇನ್ನು ಮುಂದೂಡುವಂತಿಲ್ಲ ಎಂದು ವೈದ್ಯರು ಹೇಳಿಯಾಗಿದೆ.

ಪಟ ಇಳಿಸಿ ಎಂದು ನಾನು ಕೇಳಿಕೊಂಡಾಗ, ಇಷ್ಟು ಓದಿದವರಾಗಿ ಇದನ್ನೆಲ್ಲ ನಂಬುತ್ತೀರಾ ಎಂದು ಫೋನಿನಲ್ಲಿ ಕೇಳಿದಿರಿ. ನನಗೇ ಗೊತ್ತಿಲ್ಲ. ಅಮ್ಮ ನಂಬುತ್ತಾಳೆ, ಬಡಿದುಕೊಳ್ಳುತ್ತಿರುವುದು ಅವಳ ಎದೆ. ಆಮೇಲೆ ನಿಮ್ಮ ಬಾಯಿಂದಲೇ ನಿಜವಾದ ಕಾರಣ ಹೊರಬಂತು: "ಉದ್ಘಾಟನೆ ದಿನ ದೊಡ್ಡ ದೊಡ್ಡೋರೆಲ್ಲ ಆ ಪಟಕ್ಕೆ ಕೈಮುಗಿದಿದ್ದಾರೆ ಅಕ್ಕಾ. ಈಗ ಇಳಿಸಿದ್ರೆ ಅವರಿಗೆ ಏನ್ ಹೇಳ್ಲಿ? ವರ್ಷದ ಕೊನೆಗೆ ನೋಡೋಣ." ಗಣ್ಯರಿಗೆ ಮುಜುಗರವಾಗದಿರಲಿ ಎಂದು ಒಬ್ಬ ಮುದುಕಿ ವರ್ಷದ ಕೊನೆಯವರೆಗೂ ಸತ್ತೇ ಇರಬೇಕೇ? ಜೀವನದಲ್ಲಿ ಒಮ್ಮೆ, ಅದೂ ಕಣ್ತಪ್ಪಿ, ಬದುಕಿರುವ ಹೆಂಗಸೊಬ್ಬಳಿಗೆ ಬಾಗಿದ್ದಕ್ಕೆ ಅವರ ಸೊಂಟವೇನು ಮುರಿಯಿತೇ?

ಗುರುವಾರ ಬೆಳಿಗ್ಗೆ, ಜನ ಬರುವ ಮುನ್ನ, ಪಟ ಇಳಿಸಿ. ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೇ ಕೊಡಿ. ನಾವಿಬ್ಬರೂ ಗೇಟಿನ ಬಳಿ ಕಾಯುತ್ತಿರುತ್ತೇವೆ. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಬೇಕು. ಆ ಪಟ ಒಂದು ದಿನ ಬೇಕಾಗುತ್ತದೆ, ಬಲ್ಲೆ. ಅಂದು ನಾನೇ ಏರಿಸುತ್ತೇನೆ. ಅದು ಮಗಳ ಕೆಲಸ. ನೀವು ಅವಸರ ಮಾಡಬೇಡಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ತಬ್ಬಲಿ, ಸದ್ಯಕ್ಕೆ ಅಮ್ಮನಿರುವ
ಬಿಚ್ ಖ್ವೆ