ಉತ್ತರದ ಕಿಟಕಿ

ಕೊಡಿಯಾಲ್‌ಬೈಲ್, ಮಂಗಳೂರು
೧೨ ಫೆಬ್ರವರಿ ೧೯೩೮

ಮುಂಬಯಿಯಲ್ಲಿರುವ ಯಜಮಾನರಿಗೆ, ಶಶಿಪ್ರಭಾ ಮಾಡುವ ನಮಸ್ಕಾರಗಳು.

ನಾನೂ ಮಗಳು ಆಶಾಲತಾಳೂ ಸೌಖ್ಯ. ಇಷ್ಟು ಬರೆದ ಮೇಲೆ ಸಿಟ್ಟನ್ನು ಹಿಡಿದಿಟ್ಟುಕೊಳ್ಳುವುದು ನನ್ನಿಂದಾಗದು.

ಮದುವೆಯ ಹೊಸತರಲ್ಲಿ ನನ್ನ ಚಿತ್ರಗಳನ್ನು ನೋಡಿ, ಮನೆ ಕಟ್ಟಿಸುವಾಗ ನಿನಗೆ ಬೇಕಾದ ಹಾಗೆ ಒಂದು ಚಿತ್ರದ ಕೋಣೆ ಇರಲಿ ಎಂದವರು ನೀವೇ. ನಾನು ಕೇಳಿದ್ದು ಉತ್ತರಕ್ಕೆ ಒಂದು ಎತ್ತರದ ಕಿಟಕಿ. ಆ ಕಡೆಯ ಬೆಳಕು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ. ಬಣ್ಣ ಮೋಸ ಮಾಡುವುದಿಲ್ಲ. ಇದನ್ನು ಇಂಜಿನಿಯರ್ ಯೂಸ್ಟೇಸರ ತಲೆಗೆ ಹಾಕುವಷ್ಟರಲ್ಲಿ ಮಳೆಗಾಲ ಮುಗಿಯಿತು. ಆಮೇಲೆ ನಿಮ್ಮ ಕಾಗದಗಳು ಶುರುವಾದವು. ಅಲ್ಲಿಯ ಹೊಸ ಮನೆಗಳಂತೆ ಹಡಗಿನ ಹಾಗೆ ದುಂಡಗಿನ ಬಾಲ್ಕನಿ ಬೇಕು, ಹಂಚು ಬೇಡ, ಇಲ್ಲದ ಕಾರಿಗೆ ಗ್ಯಾರೇಜು ಬೇಕು. ಎಲ್ಲದಕ್ಕೂ ಒಪ್ಪಿದೆ.

ಸೋಮವಾರ ಹೋಗಿ ನೋಡಿದರೆ ನನ್ನ ಕಿಟಕಿಯ ಜಾಗದಲ್ಲಿ ಕೆಂಪು ಮುರಕಲ್ಲಿನ ಗೋಡೆ ಎದ್ದಿದೆ. ಮೇಸ್ತ್ರಿ ವಾಲ್ಟರ್ ತಲೆ ತಗ್ಗಿಸಿ, "ಧನಿಗಳ ಕಾಗದ ಬಂದಿದೆ ಅಮ್ಮ, ಅಲ್ಲಿ ದೊಡ್ಡ ಮೆಟ್ಟಿಲು ಬರ್ತದಂತೆ. ನಾನೆಂತ ಮಾಡುವುದು?" ಎಂದ. ಅಲ್ಲೇ ಇದ್ದ ಯೂಸ್ಟೇಸರು ನಕ್ಕು, "ಚಿತ್ರ ಬರೆಯಲಿಕ್ಕೆ ಮೆಟ್ಟಿಲ ಕೆಳಗೆ ಜಾಗ ಉಂಟಲ್ಲ?" ಎಂದರು.

"ಹಾಗಾದರೆ ನಿಮ್ಮ ನಕ್ಷೆಯ ಮೇಜನ್ನೂ ಅಲ್ಲೇ ಇಡುವ" ಎಂದೆ. ನಗು ನಿಂತಿತು.

ಇಂಜಿನಿಯರಿಗೆ ಬರೆದಿರಿ, ಮೇಸ್ತ್ರಿಗೆ ಬರೆದಿರಿ. ನನ್ನನ್ನು ಒಂದು ಮಾತು ಕೇಳಬೇಕೆಂದು ಅನಿಸಲೇ ಇಲ್ಲವೇ?

ಮನೆ ಏಳುತ್ತಿರುವ ಜಾಗ ನನ್ನ ತಾಯಿಯಿಂದ ಬಂದದ್ದೆಂದು ಇದುವರೆಗೆ ಬಾಯಿಬಿಟ್ಟು ಆಡಿದವಳಲ್ಲ ನಾನು. ಅಂದು ಎಲ್ಲರೆದುರು ಆಡಿದೆ. ಗೋಡೆ ಬಿಚ್ಚಿಸಿದೆ. ಕೊನೆಯ ಕಲ್ಲು ಕೆಳಗಿಳಿಯುವವರೆಗೆ ಬಿಸಿಲಲ್ಲೇ ನಿಂತಿದ್ದೆ. ಈಗ ಅಲ್ಲಿ ಕಿಟಕಿಯ ಚೌಕಟ್ಟು ಕೂತಿದೆ. ನಿಮ್ಮ ಮೆಟ್ಟಿಲು ಬಾಲ್ಕನಿಯ ಜಾಗಕ್ಕೆ ಹೋಯಿತು. ಹಾಗಾಗಿ ಹಡಗು ಇಲ್ಲ.

ಗೆದ್ದೆನೆಂಬ ಹಿಗ್ಗೂ ಇಲ್ಲ. ಆ ಸಂಜೆ ಚೌಕಟ್ಟಿನೆದುರು ಕೂತು ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ. ಎರಡು ವರ್ಷದಿಂದ ನೀವು ಊರಿಗೆ ಬಂದಿಲ್ಲ. ಹೋಟೆಲಿನ ಕೆಲಸ ಎನ್ನುತ್ತೀರಿ, ಇರಬಹುದು. ಕಾಲಿಡದ ಮನೆಗೆ ಇಷ್ಟೆಲ್ಲ ಅಪ್ಪಣೆ ಯಾಕೆ? ಅಪ್ಪನ ಕೋಣೆ ಯಾವುದೆಂದು ಆಶಾಲತಾ ಕೇಳಿದಾಗ ನಾನು ಅಡಿಗೆಮನೆಗೆ ಎದ್ದು ಹೋದೆ.

ಮನೆ ಒಕ್ಕಲು ಏಪ್ರಿಲಿನಲ್ಲಿ. ಬನ್ನಿರೆಂದು ಗೋಗರೆಯುವುದಿಲ್ಲ.

ಇತಿ,
ನಿಮ್ಮ ಶಶಿಪ್ರಭಾ

ತಾ.ಕ.: ವಾಲ್ಟರನಿಗೆ ಹೇಳಿ ಬಾಗಿಲುಗಳನ್ನೆಲ್ಲ ಒಂದು ಗೇಣು ಎತ್ತರಿಸಿದ್ದೇನೆ. ಹಳೆಯ ಮನೆಯಲ್ಲಿ ನೀವು ಎಷ್ಟು ಬಗ್ಗಿದರೂ ಹಣೆ ತಾಗುತ್ತಿತ್ತು. ನನಗೂ ಮಗಳಿಗೂ ಅಷ್ಟೆತ್ತರದ ಬಾಗಿಲು ಬೇಕಾಗಿರಲಿಲ್ಲ.